ಸುಣ್ಣಕ್ಕೆ ಬಗ್ಗದ ಕೆಂಪು ತ್ರಿಕೋನ

ಬಣ್ಣಕ್ಕೆ ವರುಷ, ಸುಣ್ಣಕ್ಕೆ ನಿಮಿಷ. ಗಾದೆ ಹೀಗಿಲ್ಲ, ಅದರಲ್ಲಿ ಒಬ್ಬ ಕುಂಬಾರನೂ ಒಂದು ದೊಣ್ಣೆಯೂ ಬರಬೇಕು ಎಂದು ಯಾರಾದರೂ ತಿದ್ದಲು ಬಂದರೆ, ಅವರು ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಂಡೆಪ್ಪನ ಗೋಡೆ ನೋಡಿಲ್ಲ ಎಂದೇ ಅರ್ಥ. ಇದು ನಡೆದ ಕಥೆ. ಒಂದಕ್ಷರ ಸುಳ್ಳಿದ್ದರೆ, ಹೇಳಿದವರ ಮನೆಯ ಗೋಡೆಯ ಮೇಲೂ ಅದೇ ಚಿತ್ರ ಮೂಡಲಿ.

ಎಪ್ಪತ್ತಾರನೆಯ ಇಸವಿಯ ಬೇಸಿಗೆ. ಇಂಡಿ ಊರಿನ ಖಂಡೆಪ್ಪ ಬಿಜಾಪುರದ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಕತ್ತಲೆಕೋಣೆಯ ಔಷಧಿ ನೀರಿನಲ್ಲಿ ಕೈಯದ್ದಿ, ಉಗುರೆಲ್ಲ ಕಂದು ಮಾಡಿಕೊಂಡು, ಕೊನೆಗೆ ಸಿಂದಗಿಗೆ ಬಂದು ಸ್ವಂತದ ಸ್ಟುಡಿಯೋ ತೆರೆದ. ಇಂಡಿಯಲ್ಲಿ ಆಗಲೇ ಒಬ್ಬ ಫೋಟೋದವನಿದ್ದ. ಸಿಂದಗಿಯಲ್ಲಿದ್ದವನು ಮುದುಕನಾಗಿ, ಕೈ ನಡುಗಿ, ಅವನು ತೆಗೆದ ಫೋಟೋದಲ್ಲಿ ಒಬ್ಬೊಬ್ಬರಿಗೆ ಎರಡೆರಡು ಮೂಗು ಬರುತ್ತಿದ್ದವು. ಒಂದೇ ಮೂಗು ತೆಗೆಯುವವನಿಗೆ ಇಲ್ಲಿ ಜಾಗವಿದೆ ಎಂದು ಖಂಡೆಪ್ಪ ಲೆಕ್ಕ ಹಾಕಿದ.

ಇದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣದ ಹೆಸರು ಹೊನ್ನವ್ವ, ಮುದ್ದೇಬಿಹಾಳದ ರೇವಪ್ಪನ ಮಗಳು. ವರನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕೆಂದು ಅಪ್ಪ ಅವಳನ್ನು ಬಿಜಾಪುರಕ್ಕೆ ಕರೆತಂದಿದ್ದ. ಕಾಗದದ ಹೂವಿನ ಕುಂಡದ ಪಕ್ಕ ನಿಲ್ಲಿಸಿ, ಸೆರಗು ಹೀಗೆ ಇರಲಿ, ಗದ್ದ ಹಾಗೆ ಇರಲಿ ಎಂದು ಖಂಡೆಪ್ಪ ಹೇಳುತ್ತಿದ್ದಾಗ ಅವಳು, "ಹೂವು ಸುಳ್ಳು, ಹಿಂದಿನ ಅರಮನಿ ಸುಳ್ಳು. ನಗಿನೂ ಸುಳ್ಳ ನಗಬೇಕೇನ್ರಿ?" ಎಂದು ಕೇಳಿ, ಖರೆಯೇ ನಕ್ಕುಬಿಟ್ಟಿದ್ದಳು. ಖಂಡೆಪ್ಪ ಅವತ್ತು ಫೋಟೋ ಕೊಡಲಿಲ್ಲ. ಫಿಲ್ಮು ಕೆಟ್ಟಿತು, ಇನ್ನೊಮ್ಮೆ ಬರ್ರಿ ಎಂದ. ಎರಡನೆಯ ಸಲವೂ ಫಿಲ್ಮು ಕೆಟ್ಟಿತು. ಮೂರನೆಯ ಸಲ ಅವನು, ಸಿಂದಗಿಯಲ್ಲಿ ಸ್ವಂತ ಅಂಗಡಿ ಹಾಕುತ್ತೇನೆ ಎಂದು ಹೇಳಿ, ಫೋಟೋ ಬದಲು ಹುಡುಗಿಯನ್ನೇ ಕೇಳಿದ.

ರೇವಪ್ಪ ದನದ ಸಂತೆಯ ದಲಾಲ. ಮಾತು ನಂಬುವವನಲ್ಲ, ಎತ್ತಿನ ಮೈಮೇಲಿನ ಸುಳಿ ನೋಡಿ ಅದು ಮನೆ ಬೆಳಗುತ್ತದೋ ಮನೆ ತೊಳೆಯುತ್ತದೋ ಹೇಳುವವನು. ಅವನು ಖಂಡೆಪ್ಪನನ್ನೂ ಮೂಗಿನಿಂದ ಗೊರಸಿನವರೆಗೆ ನೋಡಿ ಹೇಳಿದ: "ನೋಡ ತಮ್ಮಾ, ಆಲಮಟ್ಟಿ ಆಣಿಕಟ್ಟಿನ ಆಫೀಸಿನಾಗ ಒಬ್ಬ ಕಾರಕೂನ ಅದಾನ. ಅವಂಗ ಖುರ್ಚಿ ಐತಿ, ಪಂಖಾ ಐತಿ. ನಿನಗೇನೈತಿ? ಒಂದು ಡಬ್ಬಿ, ಒಂದು ಕರೇ ಅರಿವಿ. ಬರೂ ಅಮಾಸಿ ಮುಗದ ಮ್ಯಾಲ ಮೊದಲನೇ ಸಂತಿಗೆ ಸಿಂದಗಿಗೆ ಬರ್ತೇನಿ. ನಿನ್ನ ಅಂಗಡ್ಯಾಗ ಮಂದಿ ಕಂಡ್ರ ಹೊನ್ನಿ ನಿನ್ನಾಕಿ. ನೊಣ ಕಂಡ್ರ ಕಾರಕೂನನಾಕಿ."

ಅಮಾವಾಸ್ಯೆಗೆ ಆಗ ಇಪ್ಪತ್ತೆರಡು ದಿನ ಬಾಕಿ.

ಖಂಡೆಪ್ಪನಿಗೆ ಸಿಕ್ಕ ಜಾಗ ಅಪ್ಪಾಸಾಬರ ಹಳೆಯ ಹತ್ತಿಕಾಳಿನ ಗೋದಾಮು. ಬೀದಿಯ ಕಡೆ ಮೊದಲು ಒಂದು ದೊಡ್ಡ ಬಾಗಿಲಿತ್ತಂತೆ. ಅದನ್ನು ಕಿತ್ತು, ಹಸಿ ಇಟ್ಟಂಗಿಯ ಒಂದೇ ಸಾಲು ಏರಿಸಿ ಮುಚ್ಚಿ, ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದ್ದರು. ಹಾಗೆ ಮುಚ್ಚಿದ ಗೋಡೆಯ ನಟ್ಟನಡುವೆ, ಗೇಣು ಗೇಣು ಅಳೆದರೆ ಐದು ಗೇಣಿನ, ತಲೆಕೆಳಗಾದ ಕೆಂಪು ತ್ರಿಕೋನ. ಕುಟುಂಬ ಯೋಜನೆಯ ಗುರುತು. ಓದು ಬಾರದವನಿಗೂ ನೋಡಿದೊಡನೆ ತಿಳಿಯಬೇಕು ಎಂದು ಸರ್ಕಾರ ಆರಿಸಿದ್ದು. ಆ ವರ್ಷ ಅದು ಎಲ್ಲರಿಗೂ ತಿಳಿದಿತ್ತು, ಬೇಕಾದ್ದಕ್ಕಿಂತ ಹೆಚ್ಚೇ ತಿಳಿದಿತ್ತು. ದೂರದಲ್ಲಿ ಜೀಪಿನ ಸದ್ದಾದರೆ ಗಂಡಸರು ಜೋಳದ ಕಣಜದ ಹಿಂದೆ ಹೋಗಿ ಕೂಡುವ ಕಾಲ. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಇಷ್ಟು ಜನರನ್ನು ಕರೆತರಬೇಕು ಎಂದು ಸಾಲಿ ಮಾಸ್ತರರಿಗೂ ಕಟ್ಟಳೆ ಹಾಕಿದ್ದ ಕಾಲ.

"ಈ ಕೆಂಪು ತಗಸ್ತೇನ್ರಿ," ಎಂದ ಖಂಡೆಪ್ಪ.

ಅಪ್ಪಾಸಾಬರು ಎಲೆ ಅಡಿಕೆಯ ನಡುವೆಯೇ ಅಪ್ಪಣೆ ಕೊಟ್ಟರು: "ಕೆಂಪು ಇದ್ದಷ್ಟು ಏನರ ಮಾಡ್ಕೊ. ಬಿಳಿ ಗೋಡಿಗೆ ಒಂದು ಬಟ್ಟು ಹಚ್ಚಿದಿ ಅಂದ್ರ ಇಡೀ ಗೋಡಿ ಕಟ್ಟಿಸಿಕೊಡಬೇಕಾಗ್ತೈತಿ, ಮೊದಲ ಹೇಳೇನಿ."

ಕೆಂಪು ಅಳಿಸಲು ಖಂಡೆಪ್ಪ ಕರೆದದ್ದು ಕುತುಬುದ್ದೀನನನ್ನು. ಇಂಡಿಯ ಸಾಲಿಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಕಲಿತ ಗೆಳೆಯ; ಈಗ ಊರೂರಿನ ಬೋರ್ಡು ಬರೆಯುವ ಪೇಂಟರ್. ಆ ತ್ರಿಕೋನ ಬರೆದವನೂ ಅವನೇ. ತಾಲೂಕಿನ ಅರ್ಧ ತ್ರಿಕೋನಗಳು ಅವನ ಕೈಯವು. ಅವನು ಬರೆದ ಖಾನಾವಳಿಯ ಬೋರ್ಡಿನಲ್ಲಿ ಅಕ್ಷರಗಳ ಹೊಟ್ಟೆ ಎಷ್ಟು ತುಂಬಿರುತ್ತಿತ್ತೆಂದರೆ ನೋಡಿದವರಿಗೆ ಹಸಿವಾಗುತ್ತಿತ್ತು. ಇನ್ನೊಂದು ವಿದ್ಯೆಯೂ ಇತ್ತು ಅವನಿಗೆ: ಬಸ್ಸಿನ ಕಂಡಕ್ಟರು, ಕೋರ್ಟಿನ ಪಟ್ಟೆವಾಲಾ, ರೇಡಿಯೋದ ವಾರ್ತೆ, ಯಾರ ದನಿ ಬೇಕೋ ಅವರ ದನಿಯಲ್ಲಿ ಮಾತಾಡುವುದು. ಅವತ್ತು ಏಣಿ ಏರುತ್ತಲೇ ಅಪ್ಪಾಸಾಬರ ದನಿಯಲ್ಲಿ, "ಒಂದು ಬಟ್ಟು ಹಚ್ಚಿದಿ ಅಂದ್ರ..." ಎಂದು ಶುರು ಮಾಡಿದ. ಒಳಗೆ ಪರದೆ ಕಟ್ಟುತ್ತಿದ್ದ ಖಂಡೆಪ್ಪ ಬೆಚ್ಚಿ ಹೊರಗೋಡಿ ಬಂದು ಕೈಮುಗಿದು ನಿಂತ.

"ನಿನ್ನವ್ವನ, ಕುತುಬ್ಯಾ!"

"ಕೈ ಮುಗಿ, ಮುಗಿ. ಬೋರ್ಡಿನ್ಯಾಗ ಏನು ಬರೀಲಿ ಹೇಳು. ಎಂಥಾ ಅಕ್ಷರ ಹಾಕ್ತೇನಿ ನೋಡು, ಮುದ್ದೇಬಿಹಾಳ ಮಟಾ ಕಾಣಬೇಕು."

ಆಗ ಖಂಡೆಪ್ಪ ಆಡಬಾರದ ಮಾತು ಆಡಿದ. "ಅಕ್ಷರ ಬ್ಯಾಡಲೇ. ಚಿತ್ರಕ್ಕ ಬಾಯಿ ಇರ್ತೈತಿ, ಅದ ಮಾತಾಡ್ತೈತಿ. ಅಕ್ಷರ ಅಂದ್ರ ಕುಂಟನ ಕೋಲು. ಇನ್ನ ಹತ್ತು ವರ್ಷ ತಡಿ, ಎಲ್ಲಾ ಕಡೆ ಫೋಟೋನ ಆಗಿ, ನಿಮ್ಮಂಥಾ ಬೋರ್ಡ ಬರಿಯೋರು ಕುಂಚ ತಗೊಂಡು ಬೆನ್ನು ಕೆರಕೋಬೇಕಾಗ್ತೈತಿ."

ಕುತುಬುದ್ದೀನ ಏಣಿ ಇಳಿದ. ಯಾವ ಮಾತಿಗೂ ಇನ್ನೊಬ್ಬರ ದನಿಯಲ್ಲಿ ಉತ್ತರ ಕೊಡುವವನು ಅವತ್ತು ತನ್ನ ದನಿಯಲ್ಲೂ ಕೊಡಲಿಲ್ಲ. ಬಕೀಟಿನಲ್ಲಿ ಸುಣ್ಣ ಕಲಸಿ ತ್ರಿಕೋನದ ಮೇಲೆ ಎರಡು ಕೈ ಬಳಿದ. ಗೋಡೆ ಹಾಲಿನಂತಾಯಿತು. ಬೇಡ ಬೇಡ ಎಂದರೂ ಒಂದು ಮೊಳದ ಹಲಗೆಯಲ್ಲಿ 'ಖಂಡೆಪ್ಪ ಫೋಟೋ ಸ್ಟುಡಿಯೋ' ಎಂದು ಬರೆದು ಬಾಗಿಲಿಗೆ ತೂಗಿಹಾಕಿ, ಬಸವನ ಬಾಗೇವಾಡಿಯಲ್ಲಿ ಅಂಗಡಿ ಸಾಲಿನ ಬೋರ್ಡುಗಳ ಕೆಲಸವಿದೆ, ನಾಲ್ಕು ದಿನಕ್ಕೆ ಬರುತ್ತೇನೆ ಎಂದು ಬಸ್ಸು ಹತ್ತಿದ. ನಾಲ್ಕು ದಿನಕ್ಕೆ ಬರಲಿಲ್ಲ. ಬಾಗೇವಾಡಿಯಲ್ಲಿ ಕೆಲಸದ ಮೇಲೆ ಕೆಲಸ ಹತ್ತಿಕೊಂಡಿತು.

ನಾಲ್ಕು ದಿನಕ್ಕೆ ಬಂದದ್ದು ತ್ರಿಕೋನ.

ಬೆಳಿಗ್ಗೆ ಬಾಗಿಲು ತೆರೆಯಲು ಬಂದ ಖಂಡೆಪ್ಪ ನೋಡುತ್ತಾನೆ, ಸುಣ್ಣದೊಳಗಿಂದ ಕೂಸಿನ ಕೆನ್ನೆಯ ಬಣ್ಣದ ಮೂರು ಮೂಲೆ ಇಣುಕುತ್ತಿವೆ. ತಾನೇ ಸುಣ್ಣ ತಂದು ಬಳಿದ. ಎರಡು ದಿನ ಬಿಟ್ಟು ಅದು ಇಟ್ಟಂಗಿಯ ಬಣ್ಣದಲ್ಲಿ ಬಂತು. ಮತ್ತೆ ಬಳಿದ. ಒಣಗಿದ ಸುಣ್ಣ ಹಪ್ಪಳದಂತೆ ಎದ್ದು ಉದುರಿ, ಈ ಸಲ ಪೂರಾ ಕುಂಕುಮದ ಬಣ್ಣ. ಸುತ್ತಲಿನ ಹೊಸ ಬಿಳುಪಿನ ನಡುವೆ ಮೊದಲಿಗಿಂತ ಎದ್ದು ಕಂಡಿತು. ಬಿಳಿ ಎಣ್ಣೆಬಣ್ಣ ಕೇಳಿದರೆ ಅಂಗಡಿಯವನು, "ಬಿಜಾಪುರದಿಂದ ಬರಬೇಕ್ರಿ, ಬಂದ್ರ ಬರತೈತಿ," ಎಂದ. ಅದು ಬರಲಿಲ್ಲ. ಗಿರಾಕಿಗಳೂ ಬರಲಿಲ್ಲ.

ಬರದಿರಲು ಗೋಡೆಯೊಂದೇ ಕಾರಣವಲ್ಲ. ಗೋಡೆ ಹೇಳಿದ್ದಕ್ಕೆಲ್ಲ ಒಳಗಿನ ಸಾಮಾನು ಸಾಕ್ಷಿ ನುಡಿಯುತ್ತಿತ್ತು. ಕತ್ತಲೆಕೋಣೆಯ ಬಾಗಿಲ ಸಂದಿಯಿಂದ ಕೆಂಪು ದೀಪದ ಗೆರೆ. ದವಾಖಾನೆಯಂಥ ಔಷಧಿ ವಾಸನೆ. ಮೂರು ಕಾಲಿನ ಮೇಲೆ ಏನೋ ಯಂತ್ರ, ಅದರ ಮೇಲೆ ಕರಿ ಅರಿವೆ. ನಡುವೆ ಒಂದೇ ಒಂದು ಖುರ್ಚಿ, ಅದರ ಎರಡೂ ಕಡೆ ದೊಡ್ಡ ದೊಡ್ಡ ದೀಪ. ಬಟ್ಟೆಗೆ ಔಷಧಿ ಸಿಡಿಯಬಾರದೆಂದು ಖಂಡೆಪ್ಪ ತೊಟ್ಟ ಬಿಳಿ ಕೋಟು ಬೇರೆ.

ಎದುರಿಗೆ ಮೆಣಸಿನಕಾಯಿ ಭಜಿ ಕರಿಯುವ ಸಾತವ್ವನ ಅಂಗಡಿ. ಆ ಓಣಿಯಲ್ಲಿ ಯಾರು ಏನು ನೋಡಿದರೂ ಅದರ ಅರ್ಥ ಹೇಳುವವಳು ಅವಳೇ. ಖಂಡೆಪ್ಪ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಅದರಲ್ಲಿ ತಾನು ಬಿಜಾಪುರದಲ್ಲಿ ತೆಗೆದ ಎಲ್ಲಕ್ಕಿಂತ ಚಂದದ ಫೋಟೋ ಇಟ್ಟು ಬಾಗಿಲಲ್ಲಿ ತೂಗಿಹಾಕಿದ: ಗಂಡ, ಹೆಂಡತಿ, ಎರಡು ಮಕ್ಕಳು. ಸಾತವ್ವ ಭಜಿ ಎತ್ತುವ ಜಾರಿ ಹಿಡಿದುಕೊಂಡೇ ಬಂದು ನೋಡಿದಳು.

"ಏ ಖಂಡೂ, ಇವರು ಸರ್ಕಾರದ ಚಿತ್ರದಾಗಿನವರ ಅಲ್ಲೇನೋ? ಅದ ಗಂಡ, ಅದ ಹೆಂಡ್ತಿ, ಅವ ಎರಡ ಕೂಸು."

"ಇವರು ಬಿಜಾಪುರದ ವಕೀಲರಬೇ!"

"ವಕೀಲರೂ ಮಾಡಿಸಿಕೊಂಡ್ರಾ?" ಎಂದು ಅವಳು ಅಂಗಡಿಗೆ ಹೋದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಖಂಡೆಪ್ಪ ವಕೀಲರನ್ನು ತೆಗೆದು ಒಬ್ಬ ಪೈಲವಾನನ ಫೋಟೋ ಇಟ್ಟ. ಹೆಗಲ ಮೇಲೆ ಗದೆ, ತೋಳಲ್ಲಿ ತಾಯಿತ. "ಅಯ್ಯ ಶಿವನ, ಪೈಲವಾನನ್ನೂ ಬಿಡ್ಲಿಲ್ಲ," ಎಂದರು ಜನ. ಸಿಟ್ಟಿನಿಂದ ಪೈಲವಾನನನ್ನು ಕಿತ್ತು, ಲಚ್ಯಾಣದ ಒಂದು ದೊಡ್ಡ ಮನೆತನದ ಫೋಟೋ ಇಟ್ಟ. ಅಜ್ಜ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಇಪ್ಪತ್ಮೂರು ಜನ. ಇದನ್ನು ನೋಡಿದ ಮೇಲಾದರೂ, ಮಕ್ಕಳು ಬೇಡ ಎನ್ನುವ ಅಂಗಡಿ ಇದಲ್ಲ ಎಂದು ತಿಳಿಯಬೇಕಲ್ಲ! ಆ ಕಾಲದ ಫೋಟೋಗಳಲ್ಲಿ ಯಾರೂ ನಗುತ್ತಿರಲಿಲ್ಲ, ಎಲ್ಲರೂ ಕೈ ಇಳಿಬಿಟ್ಟು ಬಿಗಿಯಾಗಿ ನಿಲ್ಲುತ್ತಿದ್ದರು. ಸಾತವ್ವ ಬಹಳ ಹೊತ್ತು ನೋಡಿ ಕಣ್ಣೊರೆಸಿಕೊಂಡಳು.

"ಇಡೀ ಮನೆತಾನ ಹಿಡಕೊಂಡು ಬಂದು ಸಾಲಾಗಿ ನಿಂದರಿಸ್ಯಾರ. ಒಬ್ಬರ ಮಾರ್ಯಾಗರ ನಗಿ ಐತೇನ ನೋಡು."

ಖಂಡೆಪ್ಪ ಗಾಜಿನ ಪೆಟ್ಟಿಗೆ ಖಾಲಿ ಮಾಡಿದ.

"ಎಲ್ಲಾರದೂ ಮುಗೀತು," ಎಂದರು ಜನ.

ಆಗ, ಅಕ್ಷರ ಕುಂಟನ ಕೋಲು ಎಂದಿದ್ದ ಖಂಡೆಪ್ಪ ಕುಂಟನಂತೆಯೇ ಆ ಕೋಲಿಗೆ ಕೈ ಚಾಚಿದ. ಇದ್ದಲು ತೆಗೆದುಕೊಂಡು, ಬಿಳಿ ಗೋಡೆಗೆ ಬಟ್ಟು ತಾಗದಂತೆ ತ್ರಿಕೋನದ ಕೆಳಗೆ ನಿಲ್ಲಿಸಿದ ಒಂದು ಹಲಗೆಯ ಮೇಲೆ, ಕೋಳಿ ಕೆದರಿದಂಥ ತನ್ನ ಅಕ್ಷರದಲ್ಲಿ, 'ಇಲ್ಲಿ ಫೋಟೋ ಮಾತ್ರ ತೆಗೆಯುತ್ತಾರೆ' ಎಂದು ಬರೆದ. ಓದು ಬಲ್ಲವರು ನಿಂತು ಓದಿದರು. "ಮಾತ್ರ ಅಂದ್ರ ಏನರ್ಥ? ಮೊದಲ ಬ್ಯಾರೇನೋ ತಗೀತಿದ್ರು." ಅದನ್ನು ಅಳಿಸಿ, ತಲೆಯ ನರ ಬಿರಿಯುವಷ್ಟು ಸಿಟ್ಟಿನಲ್ಲಿ, 'ಇಲ್ಲಿ ಆಪರೇಷನ್ ಮಾಡುವುದಿಲ್ಲ' ಎಂದು ಇನ್ನೂ ದೊಡ್ಡದಾಗಿ ಬರೆದ. ಅಲ್ಲಿಯವರೆಗೆ ಅರೆನಂಬಿಕೆಯಲ್ಲಿದ್ದವರೂ ಅವತ್ತು ಪೂರಾ ನಂಬಿದರು. ಭಜಿ ತಿನ್ನುತ್ತಿದ್ದ ಒಬ್ಬ ರೈತ, "ಕುಡದಾಂವ ಅಷ್ಟ, ನಾ ಕುಡದಿಲ್ಲ ಅಂತಾನ," ಎಂದು ಭಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಸಾತವ್ವ ಖಂಡೆಪ್ಪನ ಮೇಲೆ ಬಾಯಿ ಮಾಡಿದಳು.

ಖಂಡೆಪ್ಪ ಒಳಗೆ ಹೋಗಿ ತನ್ನ ಖುರ್ಚಿಯಲ್ಲಿ ತಾನೇ ಕೂತ. ಎದುರಿಗೆ ಕ್ಯಾಮೆರಾದ ಒಂದೇ ಕಣ್ಣು. ಆರು ವರ್ಷ ಅವನು ಇದೇ ಕೆಲಸ ಮಾಡಿದ್ದ: ಕುಂಡ ಇಟ್ಟರೆ ಹುಡುಗಿ ಲಕ್ಷಣವಂತೆ, ಕೈಯಲ್ಲಿ ಪುಸ್ತಕ ಕೊಟ್ಟರೆ ಹುಡುಗ ಕಲಿತವನು, ಹಿಂದೆ ಅರಮನೆಯ ಪರದೆ ಬಿಟ್ಟರೆ ಮನೆತನ ದೊಡ್ಡದು. ಯಾರೂ ಒಂದು ಮಾತೂ ಕೇಳದೆ ನಂಬುತ್ತಿದ್ದರು. ಈಗಲೂ ಒಂದು ಮಾತೂ ಕೇಳದೆ ನಂಬುತ್ತಿದ್ದಾರೆ. ಚಿತ್ರಕ್ಕೆ ಬಾಯಿ ಇದೆ ಎಂದವನಿಗೆ ಈಗ ಅದರ ಬಾಯಿ ಮುಚ್ಚಿಸುವುದು ಹೇಗೆಂದು ತಿಳಿಯದು.

ಅಮಾವಾಸ್ಯೆ ಮುಗಿಯಿತು. ಸಂತೆಯ ದಿನ ಬಂತು.

ಬೆಳಿಗ್ಗೆಯಿಂದ ಸಂತೆಯ ಜನ ಓಣಿಯಲ್ಲಿ ಹಾದುಹೋಗುತ್ತಿದ್ದರು. ಭಜಿಯ ಅಂಗಡಿಯ ಕಡೆಗೆ ಒತ್ತಿ, ಗೋಡೆಯ ಕಡೆ ಮುಖ ಮಾಡದೆ. ಮುದ್ದೇಬಿಹಾಳದಿಂದ ಬರುವವರು ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕು. ಬಾಗೇವಾಡಿಯ ಬಸ್ಸು ಹನ್ನೊಂದಕ್ಕೆ. ಹತ್ತೂವರೆಗೆ ಖಂಡೆಪ್ಪನ ಬಾಗಿಲಲ್ಲಿ ನೆರಳು ಬಿತ್ತು. ಹತ್ತಿರದ ಹಳ್ಳಿಯ ಗುರಪ್ಪ ಮಾಸ್ತರರು. ಅವರ ಹಿಂದೆ ಒಬ್ಬ ಮುದುಕ, ಎಪ್ಪತ್ತು ದಾಟಿದ್ದಾನೆ, ತಲೆಗೆ ಹಸಿರು ರುಮಾಲು, ಬಾಯಲ್ಲಿ ಎರಡೇ ಹಲ್ಲು.

"ಇವಾ ಪರಪ್ಪ," ಎಂದರು ಮಾಸ್ತರರು ಬೆವರು ಒರೆಸಿಕೊಳ್ಳುತ್ತ. "ಲಗೂನ ಮುಗಿಸ್ರಿ. ನಾ ಇಲ್ಲೇ ಕುಂದರ್ತೇನಿ."

ಹತ್ತೊಂಬತ್ತು ದಿನದಲ್ಲಿ ಮೊದಲ ಗಿರಾಕಿ! ಖಂಡೆಪ್ಪನಿಗೆ ಪರಪ್ಪನ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು. ಖುರ್ಚಿ ಒರೆಸಿ ಕೂಡಿಸಿದ. ದೀಪ ಹಚ್ಚಿದ. ಹನ್ನೊಂದರ ಬಸ್ಸು ಬರುವವರೆಗೂ ಈ ಮುದುಕನನ್ನು ಹೀಗೆಯೇ ಕೂಡಿಸಿಡಬೇಕು. ಮಾವ ಬಂದು ನೋಡಿದರೆ ಮಂದಿ ಕಾಣಬೇಕು, ನೊಣವಲ್ಲ.

"ಅಜ್ಜಾ, ಸ್ವಲ್ಪನೂ ಅಳ್ಳಾಡಬಾರದು."

"ಹೂಂನ್ರಿ." ಪರಪ್ಪ ಖುರ್ಚಿಯ ಕೈ ಗಟ್ಟಿಯಾಗಿ ಹಿಡಿದ. "ಕಣ್ಣು ಮುಚ್ಚಲೇನ್ರಿ?"

"ಛೇ ಛೇ, ಕಣ್ಣು ತೆರದಿರಬೇಕು."

"ನೋಡಕೋತನ ಮಾಡಿಸಿಕೋಬೇಕಾ!" ಮುದುಕ ರುಮಾಲು ಸರಿಮಾಡಿಕೊಂಡ. "ಭಾಳ ತ್ರಾಸ ಆಗತೈತೇನ್ರಿ?"

"ಏನ ತ್ರಾಸ? ಒಂದು ಸಲ ಟಕ್ ಅಂತೈತಿ, ಆತು." ಖಂಡೆಪ್ಪ ಕರಿ ಅರಿವೆಯೊಳಗೆ ತಲೆ ತೂರಿಸಿದ.

"ಕಂಬಳಿ ಈಗ ಕೊಡ್ತೀರೋ, ಆಮ್ಯಾಲೋ? ಮತ್ತ... ಧೋತ್ರ ಬಿಚ್ಚಬೇಕೇನ್ರಿ?"

ಖಂಡೆಪ್ಪ ಅರಿವೆಯಿಂದ ತಲೆ ಹೊರಗೆ ತೆಗೆದು ಮಾಸ್ತರರ ಕಡೆ ತಿರುಗಿದ.

"ಮಾಸ್ತರ, ಎದಕ್ಕ ಕರಕೊಂಡು ಬಂದೀರಿ ಇವರನ್ನ?"

"ಎದಕ್ಕ ಅಂದ್ರ? ಕೇಸು ತರದಿದ್ರ ನನ್ನ ಪಗಾರ ನಿಂದರ್ತೈತ್ರಿ! ಇವಗ ಹೆಂಡ್ತಿ ತೀರಿ ಹನ್ನೆರಡು ವರ್ಷ ಆತು ಖರೆ, ಆದ್ರೂ ಗಂಡಸ ಹೌದೋ ಅಲ್ಲೋ? ಕಂಬಳಿ ಕೊಡ್ತಾರ ಅಂತ ಹೇಳಿ ಒಪ್ಪಿಸೇನಿ. ಹೊರಗ ಅಷ್ಟು ದೊಡ್ಡದು ಹಾಕೀರಿ, ಈಗ ಎದಕ್ಕ ಅಂತೀರಿ!"

"ಬರದದ್ದು ಓದಲಿಲ್ಲೇನ್ರಿ? ನೀವು ಮಾಸ್ತರ ಅಲ್ಲೇನ್ರಿ? ಆಪರೇಷನ್ ಮಾಡುವುದಿಲ್ಲ ಅಂತ ಬರದೇನಿ!"

"ಓದಿದೆ. ಮಂದಿ ಅಂಜಬಾರದು ಅಂತ ಹಂಗ ಬರದೀರಿ ಅಂತ ತಿಳಕೊಂಡೆ."

ಖಂಡೆಪ್ಪ ಹೊರಗೆ ಬಂದ. ಬಿಸಿಲು ಕಣ್ಣಿಗೆ ರಾಚಿತು. ಬಸ್ಸು ಆಗಲೇ ಬಂದಿತ್ತು. ಬಸ್ ಸ್ಟ್ಯಾಂಡಿನ ಕಡೆಯಿಂದ ಬಂದವರಲ್ಲಿ ಇಬ್ಬರು ಸಾತವ್ವನ ಅಂಗಡಿಯ ಮುಂದೆ ನಿಂತಿದ್ದರು. ಒಬ್ಬ ಕುತುಬುದ್ದೀನ, ಬಣ್ಣದ ಡಬ್ಬಿ ಕೈಯಲ್ಲಿ, ಬಾಯಿ ತೆರೆದು ಗೋಡೆಯನ್ನೇ ನೋಡುತ್ತಿದ್ದ. ಇನ್ನೊಬ್ಬ, ಕೋರೆ ಮೀಸೆ, ಹೆಗಲ ಮೇಲೆ ಶಲ್ಯ. ರೇವಪ್ಪ. ಅವನು ಭಜಿ ಕಟ್ಟಿಸಿಕೊಳ್ಳುತ್ತ ಫೋಟೋದ ಹುಡುಗನ ಬಗ್ಗೆ ವಿಚಾರಿಸುತ್ತಿದ್ದ. ಸಾತವ್ವ ದನಿ ತಗ್ಗಿಸಿ, ಅಂದರೆ ಓಣಿಯ ಈ ತುದಿಗೆ ಮಾತ್ರ ಕೇಳುವಂತೆ, ಹೇಳುತ್ತಿದ್ದಳು:

"ಪಾಪ, ಹುಡುಗ ಛಲೋ ಹುಡುಗರೀ. ಆದ್ರ ಏನ ಮಾಡೂದು, ಮೊದಲ ಅವಂಗ ಮಾಡಿಬಿಟ್ಟಾರಂತ. ಲಗ್ನನೂ ಆಗಿದ್ದಿಲ್ಲ."

ರೇವಪ್ಪ ಭಜಿಯ ಪೊಟ್ಟಣವನ್ನು ಅಲ್ಲೇ ಇಟ್ಟ. "ಬಾಗೇವಾಡಿಗೆ ತಿರುಗಿ ಬಸ್ಸು ಎಷ್ಟಕ್ಕೈತಿ?"

"ಮಾವಾರ!" ಖಂಡೆಪ್ಪ ರಸ್ತೆ ದಾಟಿ ಓಡಿದ. "ಮಾವಾರ, ಎಲ್ಲಾ ಸುಳ್ಳರೀ. ನಾ ಬರದದ್ದು ಓದ್ರಿ, ಬೋರ್ಡ ಓದ್ರಿ..."

"ತಮ್ಮಾ, ಎತ್ತು ಮಾರಾವ ಬಾಯಿಲೆ ಭಾಳ ಹೇಳ್ತಾನ. ನಾ ಬಾಯಿ ಕೇಳಂಗಿಲ್ಲ, ಸುಳಿ ನೋಡ್ತೇನಿ." ರೇವಪ್ಪ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ. "ಐದು ಗೇಣಿನ ಸುಳಿ ಐತಿ ನಿನ್ನ ಹಣ್ಯಾಗ."

ಪಕ್ಕದ ಗಾಡಿಯಲ್ಲಿ ಒಂದು ಹಾರೆ ಇತ್ತು, ಮೊಳುದ್ದದ ಕಬ್ಬಿಣದ್ದು. ಅದನ್ನು ಯಾವಾಗ ಎತ್ತಿಕೊಂಡನೆಂದು ಖಂಡೆಪ್ಪನಿಗೇ ಗೊತ್ತಾಗಲಿಲ್ಲ. ಹತ್ತೊಂಬತ್ತು ದಿನದ ಸುಣ್ಣ, ಹತ್ತೊಂಬತ್ತು ದಿನದ ವಕೀಲರು, ಪೈಲವಾನ, ಇದ್ದಲು, ಎಲ್ಲ ಅವನ ತೋಳಿನಲ್ಲಿ ಇಳಿದು ಬಂದವು. ಮೊದಲ ಏಟಿಗೆ ಕೆಂಪಿನ ನಡುವಿನ ಗಾರೆ ಎದ್ದಿತು.

"ಸರ್ಕಾರದ ಗೋಡಿ ಒಡ್ಯಾಕತ್ತಾನ!" ಎಂದು ಯಾರೋ ಕೂಗಿದರು. ಹತ್ತೊಂಬತ್ತು ದಿನ ಆ ಕಡೆ ನೋಡದೆ ಹೋದ ಸಂತೆಯ ಜನವೆಲ್ಲ ಬುಟ್ಟಿ, ಚೀಲ, ಕೋಳಿ ಸಮೇತ ತಿರುಗಿ ನಿಂತರು. ಎಷ್ಟು ಸಿಟ್ಟಿದ್ದರೂ ಖಂಡೆಪ್ಪನ ತಲೆಯಲ್ಲಿ ಅಪ್ಪಾಸಾಬರ ಮಾತು ಇದ್ದೇ ಇತ್ತು: ಕೆಂಪು ಇದ್ದಷ್ಟು ಏನರ ಮಾಡ್ಕೊ, ಬಿಳಿಗೆ ಬಟ್ಟು ಹಚ್ಚಬ್ಯಾಡ. ಹಾಗಾಗಿ ಅವನು ಹಲ್ಲು ಕಚ್ಚಿ, ಬಯ್ಯುತ್ತ, ಅಳುತ್ತ, ಕೆಂಪನ್ನಷ್ಟೇ ಕೆತ್ತಿದ. ಮೇಲಿನ ಎರಡು ಮೂಲೆ ನೀಟಾಗಿ, ಕೆಳಗಿನ ಒಂದು ಮೂಲೆ ಚೂಪಾಗಿ. ಒಂದು ಚೂರು ಕೆಂಪು ಉಳಿಯಬಾರದು. ಒಂದೇ ಸಾಲಿನ ಹಸಿ ಇಟ್ಟಂಗಿ, ಎಷ್ಟು ತಡೆದೀತು? ಕೊನೆಯ ಏಟಿಗೆ ಅದು ಧಡಧಡನೆ ಒಳಗೆ ಕುಸಿಯಿತು. ಧೂಳು ಎದ್ದಿತು.

ಧೂಳು ಇಳಿಯಿತು. ಬೆಳ್ಳನೆಯ ಗೋಡೆಯ ನಟ್ಟನಡುವೆ, ಕೆಂಪಿನ ಸುಳಿವೂ ಇಲ್ಲದೆ, ಐದು ಗೇಣಿನ ತಲೆಕೆಳಗಾದ ತ್ರಿಕೋನದ ಕಿಂಡಿ.

ಖಂಡೆಪ್ಪನ ಕೈಯಿಂದ ಹಾರೆ ಜಾರಿತು. ಅಳಿಸಲು ಹೋದ ಗುರುತನ್ನು ಅವನು ಗೋಡೆ ಇರುವವರೆಗೂ ಇರುವಂತೆ ಕೊರೆದಿಟ್ಟಿದ್ದ.

ಅಷ್ಟರಲ್ಲಿ ಆ ಕಿಂಡಿಯಲ್ಲಿ ಒಂದು ಹಸಿರು ರುಮಾಲು ಮೂಡಿತು. ಅದರ ಕೆಳಗೆ ಧೂಳು ಬಡಿದ ಎರಡು ಕಣ್ಣು, ಎರಡು ಹಲ್ಲು. ಹಿಂದಿನಿಂದ ಸ್ಟುಡಿಯೋದ ದೀಪದ ಬೆಳಕು. ಪರಪ್ಪ ಬೀದಿಯನ್ನೆಲ್ಲ ನೋಡಿ ಕೇಳಿದ: "ಮುಗೀತೇನ್ರಿ? ಕಂಬಳಿ?"

ಕುತುಬುದ್ದೀನ ಬಣ್ಣದ ಡಬ್ಬಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ರೇಡಿಯೋದ ವಾರ್ತೆಯ ದನಿಯಲ್ಲಿ, ಒಂದು ಅಕ್ಷರವೂ ಅಲುಗದಂತೆ ಓದಿದ:

"ಸಿಂದಗಿಯ ಕುಟುಂಬ ಯೋಜನೆಯ ಗೋಡೆಯೊಂದು ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಎಪ್ಪತ್ತು ವರ್ಷದ ಗಂಡು ಕೂಸನ್ನು ಹೆತ್ತಿದೆ. ಗೋಡೆಯೂ ಕೂಸೂ ಆರೋಗ್ಯದಿಂದಿವೆ. ಕೂಸಿಗೆ ಆಗಲೇ ಎರಡು ಹಲ್ಲು ಬಂದಿವೆ."

ಮೊದಲು ಸಾತವ್ವ ನಕ್ಕಳು. ಆಮೇಲೆ ಕೋಳಿ ಹಿಡಿದವನು. ಆಮೇಲೆ ಓಣಿಯೇ ನಕ್ಕಿತು. ಇಷ್ಟು ದಿನ ಉಸಿರು ಹಿಡಿದು ಹಾದುಹೋದವರೆಲ್ಲ ಹಿಡಿದಿದ್ದ ಉಸಿರನ್ನು ಒಮ್ಮೆಲೇ ಬಿಟ್ಟಂತೆ. ತನ್ನನ್ನು ನೋಡಿ ನಗುತ್ತಿದ್ದಾರೆಂದು ತಿಳಿದ ಪರಪ್ಪನೂ ನಕ್ಕ. ಆ ಕಿಂಡಿಯ ಚೌಕಟ್ಟಿನಲ್ಲಿ ಆ ನಗುವನ್ನು ನೋಡಿದ್ದೇ ಖಂಡೆಪ್ಪನ ಕೈ ತನ್ನ ಕಸುಬು ನೆನೆಸಿಕೊಂಡಿತು. ಒಳಗೆ ಓಡಿ ಕ್ಯಾಮೆರಾದ ಮೂರು ಕಾಲು ಎತ್ತಿ ಬೀದಿಗೆ ತಂದು ನಿಲ್ಲಿಸಿ, ಕರಿ ಅರಿವೆ ಹೊದ್ದು, ಟಕ್ ಎನಿಸಿದ.

"ಆತೇನು? ಇಷ್ಟನಾ?" ಎಂದ ಪರಪ್ಪ. "ಏನೂ ತ್ರಾಸ ಇಲ್ಲಲ್ರೋ!"

"ಸರಿ ಮುದುಕಾ, ನಾನೂ ಹೊಕ್ಕೋತೇನಿ," ಎಂದು ಸಾತವ್ವ ಜಾರಿ ಸಮೇತ ಒಳಗೆ ನುಗ್ಗಿ ಕಿಂಡಿಯಲ್ಲಿ ಮುಖವಿಟ್ಟಳು. "ಖಂಡೂ, ನಂದೊಂದು ತಗಿ. ನಗೂದೋ ಬ್ಯಾಡೋ?" ಅವಳ ಹಿಂದೆ ಕೋಳಿಯವನು. ಅವನ ಹಿಂದೆ ಹೊಸ ಜೋಡಿ. ಬಾಗಿಲಿನಿಂದ ಬಸ್ ಸ್ಟ್ಯಾಂಡಿನ ಕಡೆಗೆ ಸಾಲು ಬೆಳೆಯಿತು. ಕಂಬಳಿ ಸಿಗದೆ ಪರಪ್ಪ ಹೋಗಲೊಲ್ಲ ಎಂದು ಗುರಪ್ಪ ಮಾಸ್ತರರು ತಮ್ಮ ಶಾಲನ್ನೇ ಅವನಿಗೆ ಹೊದಿಸಿ ಕೂತರು.

ಕುತುಬುದ್ದೀನ ಜನರ ನಡುವೆ ತೂರಿ ಬಂದು, ಈ ಸಲ ತನ್ನದೇ ದನಿಯಲ್ಲಿ, ನೆಲ ನೋಡುತ್ತ ಹೇಳಿದ: "ಖಂಡೂ, ಒಂದು ಮಾತು. ಸುಣ್ಣದಾಗ ನಾ ಸರೇಸಿನ ಅಂಟು ಹಾಕಿದ್ದಿಲ್ಲೋ. ಎಣ್ಣಿ ಬಣ್ಣದ ಮ್ಯಾಲ ಬರೇ ಸುಣ್ಣ ನಿಂದರಂಗಿಲ್ಲಂತ ಗೊತ್ತಿತ್ತು. ಬೇಕಂತನ ಮಾಡಿದ್ದೆ. ಅಕ್ಷರಕ್ಕ ಕುಂಟನ ಕೋಲು ಅಂದಿದ್ದಿ ನೋಡು, ಹೊಟ್ಟಿ ಉರೀತು. ನಾಕ ದಿನಕ್ಕ ಬಂದು, ನಕ್ಕು, ಸರಿ ಮಾಡಿಕೊಡಬೇಕಂತ ಇದ್ದೆ. ಬಾಗೇವಾಡ್ಯಾಗ ಸಿಕ್ಕೊಂಡೆ. ಇಷ್ಟ ಆಗ್ತೈತಂತ ಅಲ್ಲಾನ ಆಣಿ..."

ಖಂಡೆಪ್ಪ ಅರಿವೆಯಿಂದ ತಲೆ ಹೊರಗೆ ತೆಗೆದ. ಮುಖವೆಲ್ಲ ಸುಣ್ಣ, ಕೆಂಪು ಧೂಳು. ಹತ್ತೊಂಬತ್ತು ದಿನ. ಕಾಲ ಬಳಿ ಹಾರೆ ಬಿದ್ದಿತ್ತು. ಅವನು ಅದರ ಕಡೆ ನೋಡಿದ. ಕುತುಬುದ್ದೀನ ಎರಡು ಹೆಜ್ಜೆ ಹಿಂದೆ ಸರಿದ.

ರೇವಪ್ಪ ಅಷ್ಟು ಹೊತ್ತೂ ಸಾಲನ್ನು ಎಣಿಸುತ್ತ ಇವರ ಮಾತಿಗೂ ಕಿವಿಗೊಟ್ಟಿದ್ದವನು, ಗೋಡೆಯ ಕಥೆಯೆಲ್ಲ ಸುಣ್ಣದ್ದೇ ಎಂದು ತಿಳಿದು, ಭಜಿಯ ಪೊಟ್ಟಣ ಬಿಚ್ಚಿ ಒಂದು ಭಜಿ ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಹೇಳಿದ:

"ಬಿಡ ಅಳಿಯಾ. ಎರಡು ಸಲ ಬೇಕಂತ ಫಿಲ್ಮ ಕೆಡಿಸಿದಾಂವಗ ಒಂದು ಸಲ ಸುಣ್ಣ ಕೆಟ್ರ ಏನಾತು?"

ಸುಳಿ ನೋಡುವವನಿಗೆ ಅವತ್ತೇ ಎಲ್ಲ ಗೊತ್ತಿತ್ತು! ಖಂಡೆಪ್ಪ ಮಾವನನ್ನು ನೋಡಿದ, ಗೆಳೆಯನನ್ನು ನೋಡಿದ, ತನ್ನ ಕೈಯಾರೆ ಕೊರೆದ ತ್ರಿಕೋನವನ್ನೂ ಅದರೊಳಗೆ ಜಾರಿ ಎತ್ತಿ ಹಿಡಿದು, ನಗಬೇಕೋ ಬಿಡಬೇಕೋ ತಿಳಿಯದೆ ಮುಖ ಬಿಗಿದು ಕಾಯುತ್ತಿದ್ದ ಸಾತವ್ವನನ್ನೂ ನೋಡಿದ. ಕ್ಯಾಮೆರಾದ ಮೂರು ಕಾಲು ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ, ಸಂತೆಯ ಗದ್ದಲವೆಲ್ಲ ಒಂದು ಕ್ಷಣ ನಿಂತು ತಿರುಗಿ ನೋಡುವಂತೆ, ಅವನು ನಕ್ಕ.